ಎಣ್ಣೆ ಸೀಮೆಯ ವೈನಪ್ಪ

ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾ ಎಣ್ಣೆಯ ಗಿರಣಿಗಳಿಂದ. ಪರವೂರಿನವರು ಬೇರೆ ಅರ್ಥ ಮಾಡಿಕೊಂಡು ಮುಸಿಮುಸಿ ನಕ್ಕರೆ ನಾವೇನು ಮಾಡೋಣ? ಅಲ್ಲಿಂದ ಬಳ್ಳಾರಿ ದಾರಿ ಹಿಡಿದರೆ ಸಿಗುವ ನಮ್ಮ ಬಿ.ಜಿ. ಕೆರೆಯಲ್ಲಿ ಎರಡೂ ಥರದ ಎಣ್ಣೆ ಬಲ್ಲವರಿದ್ದಾರೆ. ವೈನ್ ಬಲ್ಲವನು ಮಾತ್ರ ಒಬ್ಬನೇ, ನಮ್ಮಕ್ಕನ ಮಗ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಊರವರು ಇಟ್ಟ ಹೆಸರು ವೈನಪ್ಪ.

ಈ ಜಾತಿಯವರನ್ನು ಗುರುತಿಸುವುದು ಸುಲಭ. ಮಜ್ಜಿಗೆ ಕೊಟ್ಟರೂ ಲೋಟ ತಿರುವಿ, ಮೂಸಿ, ಕಣ್ಣು ಮುಚ್ಚುತ್ತಾರೆ. ‘ಕುಡಿದೆ’ ಎನ್ನುವುದಿಲ್ಲ, ‘ಟೇಸ್ಟ್ ಮಾಡಿದೆ’ ಎನ್ನುತ್ತಾರೆ. ನಮ್ಮವನು ವೈನಿಗಿಂತ ಮುಂಚೆ ಕಾಫಿ ಬೀಜದ ಎಸ್ಟೇಟುಗಳನ್ನು ಹೇಳುತ್ತಿದ್ದ, ಅದಕ್ಕೂ ಮುಂಚೆ ಕ್ಯಾಮೆರಾ ಲೆನ್ಸು.

ಯುಗಾದಿಗೆ ಬಂದವನು ಬನಿಯನ್ನಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಕೂಸಿನಂತೆ ಎತ್ತಿ ತೋರಿಸಿದ.

“ಮಾವ, ಫಿಯಾನೊ ದಿ ಅವೆಲ್ಲಿನೊ! ಇಟಲಿಯ ಬಿಳಿ ವೈನು, ನೇಪಲ್ಸ್ ಆಚೆಯ ಗುಡ್ಡದ್ದು. ಆ ದ್ರಾಕ್ಷಿಗೆ ಜೇನ್ನೊಣ ಮುತ್ತುತ್ತಿದ್ವಂತೆ.”

“ಬೆಲ್ಲದಂಗಡೀಲೂ ಮುತ್ತುತಾವೆ. ರೇಟು ಹೇಳು,” ಎಂದರು ಭಾವ.

“ಆರು ಸಾವಿರ. ಆದ್ರೆ ವರ್ತ್ ಅಪ್ಪಾಜಿ.”

ಭಾವನ ಲೆಕ್ಕವೆಲ್ಲ ಶೇಂಗಾದಲ್ಲಿ. “ಆರು ಸಾವಿರ ಅಂದ್ರೆ ಹೆಚ್ಚೂಕಮ್ಮಿ ಒಂದು ಕ್ವಿಂಟಾಲು. ಅಷ್ಟನ್ನ ಗಾಣಕ್ಕೆ ಹಾಕಿದ್ರೆ ಇಪ್ಪತ್ತೈದು ಕೇಜಿ ಎಣ್ಣೆ ಬರ್ತೈತೆ. ನಿನ್ನ ಎಣ್ಣೆ ಎಷ್ಟೈತೆ?”

“750 ಎಂಎಲ್.”

ಹುಡುಗನ ಮುಖ ನೋಡಲಾಗದೆ ನಾನು ಇತಿಹಾಸ ತೆಗೆದೆ. ಮೇಷ್ಟ್ರಾಗಿದ್ದವನ ಚಟ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇರುವುದು ಎಲ್ಲರಿಗೂ ಗೊತ್ತು. ಅಲ್ಲೇ 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆಸಿದಾಗ ಒಂದು ಬಗೆಯ ಗೆರೆಚಿತ್ತಾರದ ಮಡಕೆಚೂರು ಸಿಕ್ಕವು. ಅಂಥವೇ ಚೂರುಗಳು ಅದಕ್ಕೂ ಎರಡು ವರ್ಷ ಮುಂಚೆ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ, ಮೆಡಿಟರೇನಿಯನ್ ಕಡೆಯಿಂದ ಬಂದ ವೈನ್ ಜಾಡಿಗಳ ತುಂಡುಗಳ ಜೊತೆಗೆ ಸಿಕ್ಕಿದ್ದವು.

“ನೋಡಿದ್ರಾ ಅಪ್ಪಾಜಿ! ಇಟಲಿ ವೈನು ನಮಗೆ ಹೊಸದಲ್ಲ!”

“ಬ್ರಹ್ಮಗಿರೀಲಿ ಸಿಕ್ಕಿದ್ದು ಮಡಕೆ ಕಣೋ, ವೈನಲ್ಲ,” ಎಂದೆ. “ಚಿತ್ರದುರ್ಗದ ಚಂದ್ರವಳ್ಳೀಲಿ ರೋಮಿನ ಬೆಳ್ಳಿ ನಾಣ್ಯಾನೂ ಸಿಕ್ಕಿದೆ, ಟೈಬೀರಿಯಸ್ ದೊರೆಯದು. ಆಗ ಅವರ ಬೆಳ್ಳಿ ಈ ಕಡೆ ಬರ್ತಿತ್ತು. ಈಗ ನೀನು ವಾಪಸ್ ಕಳಿಸ್ತಿದ್ದೀಯ.”

ಆಮೇಲೆ ತಂಪಿನ ಗೋಳು. ವೈನು ಹತ್ತು ಹನ್ನೆರಡು ಡಿಗ್ರಿಯಲ್ಲಿರಬೇಕಂತೆ. ಹೊರಗೆ ಬಂಡೆ ಕಾದು ಸಿಡಿಯುವಂಥ ಬಿಸಿಲು, ಒಳಗೆ ಕರೆಂಟಿಲ್ಲ. ಅಕ್ಕ ಬಾಟಲಿಗೆ ಒದ್ದೆ ಗೋಣಿತಾಟು ಸುತ್ತಿ ಬೇವಿನ ಕೊಂಬೆಗೆ ಕಟ್ಟಿದಳು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬಳು ಯಾವುದೋ ಹರಕೆ ಇರಬೇಕೆಂದು ಕೈಮುಗಿದು ಹೋದಳು. ವೈನಪ್ಪ ಗಳಿಗೆಗೊಮ್ಮೆ ಎದ್ದು ಗೋಣಿಗೆ ನೀರು ಚಿಮುಕಿಸುತ್ತಿದ್ದ. ಅಪ್ಪನ ಹೊಲಕ್ಕೆ ಅವನು ಇಷ್ಟು ನಿಗಾ ಇಟ್ಟು ನೀರು ಹಾಯಿಸಿದ್ದನ್ನು ನಾನು ಕಂಡಿಲ್ಲ.

ಸಂಜೆ ಸ್ಟೀಲ್ ಲೋಟ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಗಾಜಿನದೇ ಬೇಕೆಂದು ಅವನು ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಜ ಹೇಳಬೇಕು. ಚೆನ್ನಾಗಿತ್ತು. ಮೊದಲು ನಾಲಿಗೆ ಚುರುಕಾಗುವಷ್ಟು ಹುಳಿ, ಹಿಂದೆಯೇ ಜೇನಿನ ಘಮ, ಆದರೆ ಸಿಹಿ ಇಲ್ಲ. ಬಜ್ಜಿಯ ಖಾರ ಒಂದೇ ಗುಟುಕಿಗೆ ಇಳಿಯಿತು. ಕೊನೆಯಲ್ಲಿ ಇನ್ನೇನೋ ಉಳಿಯಿತು, ಹೆಸರು ಹೊಳೆಯಲಿಲ್ಲ.

“ಹೇಜಲ್‌ನಟ್,” ಎಂದ ವೈನಪ್ಪ, ಕಣ್ಣು ಮುಚ್ಚಿ.

ಭಾವ ಇನ್ನೊಂದು ಗುಟುಕು ಎಳೆದು ಬಾಯಲ್ಲೇ ಹೊರಳಿಸಿದರು. “ಹುರಿದ ಶೇಂಗಾ ಕಣಲೇ ಇದು!” ಎಂದು ಲೋಟ ಮುಂದೆ ಚಾಚಿದರು.

ಆ ಬಾಟಲಿ ಈಗ ಅಕ್ಕನ ಅಡುಗೆಮನೆಯಲ್ಲಿದೆ. ಮುಕ್ಕಾಲು ಲೀಟರ್ ಶೇಂಗಾ ಎಣ್ಣೆ ಸರಿಯಾಗಿ ಹಿಡಿಯುತ್ತದೆ.