ಒತ್ತಿಲ್ಲದ ಕತೆಗಳು

ಹತ್ತಿಮತ್ತೂರಿನಲ್ಲಿ ಮಳೆಗೆ ಬರ ಬಂದದ್ದುಂಟು, ಹತ್ತಿಯ ರೇಟಿಗೆ ಬರ ಬಂದದ್ದುಂಟು. ಗುಡಿಕಟ್ಟೆಯ ಮೇಲೆ ಕೂತವರ ಬಾಯಿಗೆ ಬರ ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ. ‘ಚಂಪಾ’ ಎಂದೇ ನಾಡಿಗೆ ಗೊತ್ತಿರುವ ಚಂದ್ರಶೇಖರ ಪಾಟೀಲರು 1939ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಅವರು ಧಾರವಾಡ ಸೇರಿ, ಇಂಗ್ಲಿಷ್ ಪಾಠ ಹೇಳುತ್ತ, 1964ರಲ್ಲಿ ಗೆಳೆಯರ ಜೊತೆ ‘ಸಂಕ್ರಮಣ’ ಪತ್ರಿಕೆ ಹೊರಡಿಸಿ, ದೊಡ್ಡವರು ಸಣ್ಣವರು ಎನ್ನದೆ ಎಲ್ಲರನ್ನೂ ಚುಚ್ಚತೊಡಗಿದಾಗ ಕನ್ನಡ ನಾಡು ‘ಏನು ಮೊನಚು!’ ಎಂದು ಬೆರಗಾಯಿತು. ನಮ್ಮೂರ ಕಟ್ಟೆಯ ಪಕ್ಕ ಅರ್ಧ ತಾಸು ನಿಂತು ಹೋದವರಿಗೆ ಅದರಲ್ಲಿ ಬೆರಗಾಗುವಂಥದ್ದೇನೂ ಕಾಣದು.

ನಮ್ಮ ಸವಣೂರು ತಾಲ್ಲೂಕಿನ ಗುಣವೇ ಹಾಗೆ. ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರು, ಆ ವರದಿ ಜಾರಿಯಾಗಲಿ ಎಂದು ಬೀದಿಗಿಳಿದವರಲ್ಲಿ ಒಬ್ಬರು ಹತ್ತಿಮತ್ತೂರಿನ ಚಂಪಾ. ಬರೆಯುವ ಕೆಲಸ ತಾಲ್ಲೂಕು ಕೇಂದ್ರಕ್ಕೆ, ಕೂಗುವ ಕೆಲಸ ಹಳ್ಳಿಗೆ ಎಂದು ಹಂಚಿಕೊಂಡ ಹಾಗಿದೆ. ಇಂಥ ನೆಲದಲ್ಲಿ ಒಂದರಿಂದ ಮೂರನೆಯ ಇಯತ್ತೆಯ ಮಕ್ಕಳನ್ನು ಬರೆಯಲು ಹಚ್ಚುವುದೇನು ಮಹಾ ಎಂದುಕೊಂಡು, ಒಂದು ಸೋಮವಾರ ಬಿಸಿಯೂಟವಾದ ಮೇಲೆ ನನ್ನ ತರಗತಿಯಲ್ಲಿ ಘೋಷಿಸಿದೆ: “ಇವತ್ತಿನಿಂದ ನಮ್ಮಲ್ಲಿ ಬರವಣಿಗೆ ಕಮ್ಮಟ.”

“ಕಮ್ಮಟ ಅಂದ್ರ ಏನ್ರಿ ಸರ?”

“ಎಲ್ಲಾರೂ ಕೂಡಿ ಕೂತು ಬರಿಯೂದು.”

“ಊಟಾ ಇರತೈತೇನ್ರಿ?”

ಏಳು ವರ್ಷದ ಈ ಹುಡುಗಿ ಯಾವ ಸಾಹಿತ್ಯ ಸಮಾರಂಭಕ್ಕೂ ಹೋದವಳಲ್ಲ. ಆದರೂ ಸಮಾರಂಭದ ತಿರುಳು ಅವಳಿಗೆ ಹೇಗೆ ಗೊತ್ತಾಯಿತೋ! “ಊಟ ಈಗ ಆತಲ್ಲ” ಎಂದೆ. “ಹಂಗಾರ ಕಮ್ಮಟ ಯಾಕ್ರಿ?” ಎಂದಳು.

ನನ್ನ ಬೆನ್ನಿಗೆ ದೊಡ್ಡವರಿದ್ದರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಡೊನಾಲ್ಡ್ ಗ್ರೇವ್ಸ್ ಎಂಬವರು ಸಣ್ಣ ಮಕ್ಕಳು ಬರೆಯುವುದನ್ನು ಪಕ್ಕದಲ್ಲೇ ಕೂತು ನೋಡಿ 1983ರಲ್ಲಿ ಒಂದು ಪುಸ್ತಕ ಬರೆದರು. ವಿಷಯವನ್ನು ಮಗುವೇ ಆರಿಸಲಿ, ದಿನಾ ಬರೆಯಲಿ, ಮಾಸ್ತರ ಮೊದಲು ಏನು ಹೇಳಿದೆ ಎಂದು ಕೇಳಲಿ, ಕಾಗುಣಿತ ಆಮೇಲೆ ನೋಡಲಿ — ಇದು ಅವರ ದಾರಿ. ಅದಕ್ಕೂ ಮೊದಲು ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆ್ಯಶ್ಟನ್-ವಾರ್ನರ್, ಮಗುವಿಗೆ ಯಾವ ಶಬ್ದ ಎದೆಯಲ್ಲಿ ಕುದಿಯುತ್ತಿದೆಯೋ ಅದನ್ನೇ ಮೊದಲು ಬರೆದುಕೊಡಬೇಕು ಎಂದು 1963ರಲ್ಲೇ ಬರೆದಿದ್ದರು. ಇದನ್ನೆಲ್ಲ ಓದಿಕೊಂಡು ಉಬ್ಬಿದ್ದ ನಾನು ಮೊದಲ ಮಗುವಿನ ಪಕ್ಕ ಮಂಡಿಯೂರಿ ಕೂತು, “ನಿನ್ನ ಎದಿಯಾಗ ಏನೈತಿ?” ಎಂದೆ. ಅದು ಅಂಗಿಯ ಗುಂಡಿ ನೋಡಿಕೊಂಡು, “ಏನಿಲ್ರಿ” ಎಂದಿತು.

ನಮ್ಮದು ನಲಿ-ಕಲಿ ಕೋಣೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಗಿಡ್ಡ ಮೇಜುಗಳು, ಸುತ್ತ ನೆಲದ ಮೇಲೆ ಮಕ್ಕಳು, ಗೋಡೆಗೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳು ಬರೆದದ್ದನ್ನು ತೂಗುಹಾಕುವ ಚಪ್ಪರ. ಮೂರು ಇಯತ್ತೆ ಒಂದೇ ಕೋಣೆಯಲ್ಲಿ ಕೂಡುವುದರಿಂದ ಕನ್ನಡ ಸಾಹಿತ್ಯದ ಮೂರು ಘಟ್ಟಗಳು ಒಟ್ಟಿಗೇ ನಡೆಯುತ್ತಿರುತ್ತವೆ.

ಒಂದನೆಯ ಇಯತ್ತೆಯವರದು ನವ್ಯ ಘಟ್ಟ. ನಲಿ-ಕಲಿಯಲ್ಲಿ ಅಕ್ಷರಮಾಲೆ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಬರೆಯಲು ಸುಲಭವಾದ ರ ಗ ಸ ದ ಅ ಮೊದಲು ಬರುತ್ತವೆ. ಈ ಐದೇ ಅಕ್ಷರಗಳ ಬಂಡವಾಳದಲ್ಲಿ ಎಷ್ಟು ಜಗತ್ತು ಕಟ್ಟಬಹುದು? ಅರಸ, ಅಗಸ, ಗರಗಸ, ದಸರ, ಸರ. ಅರಸನಿದ್ದಾನೆ, ಅರಮನೆಯಿಲ್ಲ. ದಸರವಿದೆ, ಆನೆಯಿಲ್ಲ. ಒಬ್ಬ ಪುಟ್ಟ ಕವಿ ಪಾಟಿಯ ಮೇಲೆ ಒಂದರ ಕೆಳಗೊಂದು ಬರೆದು ತಂದ: ಅರಸ, ಗರಗಸ, ಅಗಸ.

“ಇದೇನೋ?”

“ಕತಿ ರೀ.”

“ಹೇಳು.”

“ಅರಸ ಮಲಗಿದ್ದನ್ರಿ. ಮಂಚ ಕಟ್ ಅಂತು. ರಿಪೇರಿಗೆ ಗರಗಸ ತಂದ್ರು. ಅಗಸ ಹಾಸಿಗಿ ಒಗ್ಯಾಕ ಬಂದಿದ್ದ, ನೋಡಿ ನಕ್ಕ, ಹೋದ.”

ಮೂರು ಪದಗಳಲ್ಲಿ ರಾಜಪ್ರಭುತ್ವ ಮುರಿದುಬಿದ್ದು ಸಾಮಾನ್ಯನೊಬ್ಬ ನಕ್ಕು ಹೋಗಿದ್ದ. ಅರವತ್ತರ ದಶಕದಲ್ಲಾಗಿದ್ದರೆ ಇದರ ಮೇಲೆ ಎರಡು ವಿಮರ್ಶೆ, ಒಂದು ಜಗಳ ಗ್ಯಾರಂಟಿ.

ಎರಡನೆಯವರಿಗೆ ಕಾಗುಣಿತ ಬರುತ್ತಿತ್ತು, ವಿಷಯ ಬರುತ್ತಿರಲಿಲ್ಲ. “ನಿನ್ನೆ ಆಗಿದ್ದು ಬರಿ” ಎಂದೆ ಒಬ್ಬನಿಗೆ.

“ನಿನ್ನೆ ಏನೂ ಆಗಿಲ್ರಿ.”

ಪಕ್ಕದವಳು ತಡೆಯಲಾರದೆ ಎದ್ದಳು. “ಸುಳ್ಳ ರೀ ಸರ! ನಿನ್ನೆ ಇವರವ್ವ ಇವನ್ನ ಕಸಬರಿಗಿ ಹಿಡಕೊಂಡು ಹನಮಪ್ಪನ ಗುಡಿತನಾ ಬೆನ್ನ ಹತ್ತ್ಯಾಳ.” ಅಲ್ಲಿಂದ ಶುರುವಾಯಿತು. ಬೆಲ್ಲದ ಡಬ್ಬಿ ಹೇಗೆ ಬಿತ್ತು, ಬೆಕ್ಕಿನ ಮೇಲೆ ತಪ್ಪು ಹಾಕಿದ್ದು, ಬೆಕ್ಕು ಅದೇ ಹೊತ್ತಿಗೆ ಅವ್ವನ ತೊಡೆಯ ಮೇಲೇ ಮಲಗಿದ್ದು, ಗುಡಿಯ ಪೂಜಾರಿ ನಡುವೆ ಬಂದು ಬಿಡಿಸಿದ್ದು. ಅರ್ಧ ತಾಸಿನ ಕತೆ, ಒಂದು ಕಡೆಯೂ ಸಡಿಲವಿಲ್ಲ.

“ಇದನ್ನ ಬರಿಯೋ!” ಎಂದೆ.

ಅವನು ನನ್ನನ್ನು ಕನಿಕರದಿಂದ ನೋಡಿದ. “ಇದನ್ನ ಹೆಂಗ ಬರೀಬೇಕ್ರಿ? ಇದು ಖರೇ ಆಗೈತಿ.”

ಖರೇ ಆದದ್ದು ಬರೆಯುವಂಥದ್ದಲ್ಲ ಎಂದು ಈ ಮಕ್ಕಳಿಗೆ ಬಾಯಿಬಿಟ್ಟು ಯಾರೂ ಹೇಳಿಲ್ಲ. ಆದರೆ ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡ ಹುಡುಗಿಯೂ ಶಾಲೆಯಲ್ಲಿ ‘ಹಸು ಸಾಧುಪ್ರಾಣಿ’ ಎಂದೇ ಬರೆಯುತ್ತಾಳೆ. ಅವಳ ಎಮ್ಮೆ ಸಾಧುವೂ ಅಲ್ಲ, ಹೋದ ವಾರ ಸೊಸಾಯಿಟಿ ಸೆಕ್ರೆಟರಿಯನ್ನು ಕೊಂಬಿನಿಂದ ದೂಡಿದೆ. ಅದು ನಿಬಂಧಕ್ಕೆ ಬರುವುದಿಲ್ಲ. ಬಾಯಿಂದ ಹಾಳೆಗೆ ಗೇಣುದ್ದದ ದಾರಿ. ಆ ದಾರಿಯ ನಡುವೆ ನಮ್ಮಂಥ ಮಾಸ್ತರರು ಕೈಯಲ್ಲಿ ಮಾದರಿ ನಿಬಂಧ ಹಿಡಿದು ನಿಂತಿರುತ್ತೇವೆ. ಕಮ್ಮಟದಲ್ಲಿ ಮಾಸ್ತರನ ಮುಖ್ಯ ಕೆಲಸ ಪಕ್ಕಕ್ಕೆ ಸರಿಯುವುದು. ಸರ್ಕಾರಿ ನೌಕರನಿಗೆ ಇದು ಒಗ್ಗುವ ಕೆಲಸವೇ.

ಸರಿದು ನಿಂತ ಮೇಲೆ ಕತೆಗಳು ಬರತೊಡಗಿದವು. ಬಂದವುಗಳಲ್ಲಿ ಒಂದು ವಿಚಿತ್ರ ಕಂಡಿತು. ಎಲ್ಲ ಕತೆಗಳ ನಾಯಕನೂ ಕಾಕಾ, ಇಲ್ಲವೇ ಮಾಮಾ. ಅವ್ವ, ಅಪ್ಪ ಎಲ್ಲೂ ಇಲ್ಲ. ಊರಲ್ಲಿ ಇಷ್ಟು ಮಕ್ಕಳನ್ನು ಕಾಕಾಗಳೇ ಸಾಕುತ್ತಿದ್ದಾರೆಯೇ ಎಂದು ಗಾಬರಿಯಾಯಿತು. ಆಮೇಲೆ ಹೊಳೆಯಿತು, ಇದು ಒತ್ತಕ್ಷರದ ಆಟ. ಅಪ್ಪ, ಅವ್ವ, ಅಕ್ಕ, ಅಣ್ಣ, ತಮ್ಮ, ಅಜ್ಜ, ದೊಡ್ಡಪ್ಪ — ಮನೆಯ ಮುಖ್ಯರಾರೂ ಒತ್ತಿಲ್ಲದೆ ಬರುವುದಿಲ್ಲ. ಒತ್ತು ಇನ್ನೂ ಕಲಿಯದ ಮಗುವಿಗೆ ಸುಲಭವಾಗಿ ಸಿಗುವ ನೆಂಟರೆಂದರೆ ಕಾಕಾ, ಮಾಮಾ. ತಿನ್ನುವುದರಲ್ಲೂ ಇದೇ ಪಾಡು: ರೊಟ್ಟಿ, ಪಲ್ಯ, ಅನ್ನ, ಬೆಲ್ಲ, ಮೊಟ್ಟೆ ಎಲ್ಲಕ್ಕೂ ಒತ್ತು. ಕತೆಯೊಳಗಿನ ಕಾಕಾ ಹಾಲು ಕುಡಿದೇ ಬದುಕಬೇಕು.

ಊರು ಬಿಟ್ಟು ಹೋಗೋಣವೆಂದರೆ ಅದೂ ತೊಡಕು. ಹುಬ್ಬಳ್ಳಿಗೆ ಎರಡು ಒತ್ತು, ಶಿಗ್ಗಾಂವಿಗೆ ಒಂದು. ಲಕ್ಷ್ಮೇಶ್ವರಕ್ಕಂತೂ ನಮ್ಮ ಎರಡನೆಯ ಇಯತ್ತೆಯಿಂದ ದಾರಿಯೇ ಇಲ್ಲ. ಬಸ್ಸಿಗೂ ಒತ್ತು ಇರುವುದರಿಂದ ಕಾಕಾ ಬೈಕನ್ನೇ ಹತ್ತಬೇಕು. ಹೀಗಾಗಿ ಕಾಕಾ ದಿನಾ ಸವಣೂರಿಗೆ ಹೋದ. ಅಲ್ಲಿ ಎಲಿ ತಂದ, ಖಾರಾ ತಂದ. ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಊರು, ಎಲಿ ಎಂದರೂ ಖಾರಾ ಎಂದರೂ ಒತ್ತಿಲ್ಲ. ಮಕ್ಕಳ ಸಾಹಿತ್ಯಕ್ಕೆಂದೇ ಕಟ್ಟಿದ ಪೇಟೆ! ತಮ್ಮೂರಿನ ಹೆಸರನ್ನು ಮಾತ್ರ ‘ಹತಿಮತೂರು’ ಎಂದು ಬರೆದರು. ಎರಡೂ ಒತ್ತು ಬಿಟ್ಟರೂ ಊರಿಗೇನೂ ಆಗಲಿಲ್ಲ, ಅಲ್ಲೇ ಇತ್ತು.

ಮೂರನೆಯವರು ಒತ್ತು ಕಲಿತವರು, ಅದಕ್ಕೇ ಸೊಕ್ಕಿನವರು. ಗ್ರೇವ್ಸರ ಹಾದಿಯ ಕಮ್ಮಟಗಳಲ್ಲಿ ಲೇಖಕರ ಕುರ್ಚಿ ಎಂಬುದಿರುತ್ತದೆ; ಬರೆದ ಮಗು ಅದರ ಮೇಲೆ ಕೂತು ಓದಬೇಕು, ಉಳಿದವರು ಪ್ರಶ್ನೆ ಕೇಳಬೇಕು. ನಮ್ಮ ಕೋಣೆಯಲ್ಲಿ ಇರುವ ಒಂದೇ ಕುರ್ಚಿ ನನ್ನದು. ಬಿಟ್ಟುಕೊಟ್ಟೆ. ಕೂತವರು ಇಳಿಯಲಿಲ್ಲ. ಈ ಊರಿನವರೊಬ್ಬರು 2004ರಿಂದ 2008ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಕುರ್ಚಿಯಲ್ಲಿ ಕೂತಿದ್ದರು, 2017ರಲ್ಲಿ ಮೈಸೂರಿನ ಸಮ್ಮೇಳನದ ಅಧ್ಯಕ್ಷರೂ ಆದರು. ಕುರ್ಚಿ ಎಂದರೆ ಇಲ್ಲಿನ ಮಕ್ಕಳಿಗೂ ಅಸಡ್ಡೆಯಿಲ್ಲ.

ಮೊದಲು ಕೂತವನು ಹೋರಿ ಹಬ್ಬದ ಕತೆ ಓದಿದ. ದೀಪಾವಳಿ ಬಂತೆಂದರೆ ಹಾವೇರಿ ಸೀಮೆಯಲ್ಲಿ ಹೋರಿಗೆ ಕೊಬ್ಬರಿ ಸರ ಕಟ್ಟಿ ಓಡಿಸುತ್ತಾರೆ, ಹುಡುಗರು ಅಡ್ಡ ಬಿದ್ದು ಕೊಬ್ಬರಿ ಹರಿಯುತ್ತಾರೆ. “ನಮ್ಮ ಹೋರಿ ಒಂದು ಕೊಬ್ಬರೀನೂ ಯಾರಿಗೂ ಕೊಡಲಿಲ್ಲ” ಎಂದು ಅವನು ಮುಗಿಸುತ್ತಿದ್ದಂತೆ ಹಿಂದಿನಿಂದ ಒಂದು ಕೈ ಎದ್ದಿತು. “ನಮ್ಮ ಕಾಕಾ ಹರದಾನ್ರಿ ಸರ. ಕೊಬ್ಬರಿ ಇನ್ನೂ ನಮ್ಮನ್ಯಾಗ ಐತಿ.”

ಲೇಖಕ ಕುರ್ಚಿಯ ಮೇಲೆ ಒಂದು ಕ್ಷಣ ಕಾಲು ಅಲ್ಲಾಡಿಸಿದ. ಪೆನ್ಸಿಲ್ ತೆಗೆದು ಇನ್ನೊಂದು ವಾಕ್ಯ ಸೇರಿಸಿ ಗಟ್ಟಿಯಾಗಿ ಓದಿದ: “ಒಂದು ಕೊಬ್ಬರಿ ತಾನಾ ಬಿದ್ದಿತು.” ಬರೆದದ್ದನ್ನು ಮತ್ತೆ ತಿದ್ದಲು ಮಕ್ಕಳಿಗೆ ಹೇಗೆ ಕಲಿಸಬೇಕೆಂದು ತರಬೇತಿಗಳಲ್ಲಿ ದಿನಗಟ್ಟಲೆ ಹೇಳುತ್ತಾರೆ. ಸಾಕ್ಷಿ ಕೊಬ್ಬರಿ ಇಟ್ಟುಕೊಂಡ ಒಬ್ಬ ಓದುಗನಿದ್ದರೆ ಒಂದು ನಿಮಿಷ ಸಾಕು.

ಬರೆದದ್ದೆಲ್ಲ ಚಪ್ಪರ ಏರಿತು. ಎರಡು ದಿನಕ್ಕೆ ಒಬ್ಬ ತಂದೆ ಬಾಗಿಲಲ್ಲಿ ನಿಂತರು, ಮುಖ ಬಿಗಿದಿತ್ತು. “ಸರ, ಆ ಹಾಳಿ ಇಳಸ್ರಿ.” ನೋಡಿದೆ. ಅಷ್ಟು ಹೊತ್ತಿಗೆ ಒತ್ತಿಲ್ಲದಿದ್ದರೂ ಅಪ್ಪ-ಅವ್ವರನ್ನು ಕತೆಯೊಳಗೆ ಕರೆತರುವ ಧೈರ್ಯ ಮಕ್ಕಳಿಗೆ ಬಂದಿತ್ತು. ಮಗಳು ಬರೆದಿದ್ದಳು: ‘ನಮ ಅಪ ಸೊಸಾಯಿಟಿ ಸಾಲ ತಂದಾನ. ಅವಗ ಹೇಳಬಾಡ ಅಂದಾನ.’ ಇಳಿಸಿ ಕೊಟ್ಟೆ. ಮಡಚಿ ಜೇಬಿಗಿಟ್ಟುಕೊಂಡು ಹೊರಟವರು ಹಾಗೇ ತಲೆಯೆತ್ತಿ ಪಕ್ಕದ ಹಾಳೆ ಓದಿದರು. ಅದರ ಪಕ್ಕದ್ದು ಓದಿದರು. ಒಂದು ಕಡೆ ನಕ್ಕರು, ಇನ್ನೊಂದು ಕಡೆ “ಹೌದಾ!” ಎಂದರು. ಚಪ್ಪರದ ಒಂದು ತುದಿಯಿಂದ ಇನ್ನೊಂದು ತುದಿಗೆ ಕತ್ತು ಮೇಲೆತ್ತಿಕೊಂಡೇ ಊರಿನ ಅರ್ಧ ಮನೆಗಳನ್ನು ಹೊಕ್ಕು ಬಂದು, ಹೋಗುವಾಗ ದನಿ ತಗ್ಗಿಸಿ ಕೇಳಿದರು: “ಇನ್ನ ಹೊಸಾವು ಯಾವತ್ತ ಹಾಕತೀರ್ರಿ?” ಕನ್ನಡ ಪತ್ರಿಕೆಗಳಿಗೆ ಓದುಗರಿಲ್ಲ ಎಂದು ಕೊರಗುವ ಸಂಪಾದಕರು ಒಮ್ಮೆ ಇತ್ತ ಬರಬೇಕು.

ಮುಂದಿನ ವಾರ ತಪಾಸಣೆಗೆ ಸಾಹೇಬರು ಬಂದರು. ಚಪ್ಪರದ ಕೆಳಗೆ ನಿಂತು ಕನ್ನಡಕ ಸರಿಮಾಡಿಕೊಂಡರು. ತಪ್ಪುಗಳಿಗೆ ಕೆಂಪು ಗೆರೆ ಏಕಿಲ್ಲ ಎಂದರು. ಗ್ರೇವ್ಸ್, ನ್ಯೂ ಹ್ಯಾಂಪ್‌ಶೈರ್, 1983 ಎಂದೆಲ್ಲ ವಿವರಿಸಿದೆ. ತಲೆಯಾಡಿಸುತ್ತ ಒಂದು ಹಾಳೆಯ ಮುಂದೆ ನಿಂತುಬಿಟ್ಟರು. ಎರಡನೆಯ ಇಯತ್ತೆಯ, ಕಸಬರಿಗೆ ಕತೆಯ ಹುಡುಗನದು. ‘ನಮ ಸರ ಊಟಾ ಆದಮೇಲೆ ನಿದಿ ಮಾಡತಾರ.’

“ನಿಧಿ?” ಎಂದರು ಸಾಹೇಬರು. “ಏನ್ರಿ ಇದು, ಶಾಲೆ ಅಭಿವೃದ್ಧಿ ನಿಧಿಯಾ? ಎಷ್ಟು ಕೂಡಿತು?”

ಹುಡುಗ ವಿವರಿಸಲೆಂದು ಎದ್ದು ನಿಂತಿದ್ದ. ಅವನಿಗೆ ಕೂಡಲು ಸನ್ನೆ ಮಾಡಿದೆ. “ಈಗಷ್ಟೇ ಶುರುವಾಗಿದೆ ಸರ್” ಎಂದೆ. ಅವರು ಮೆಚ್ಚಿಕೊಂಡು ತಪಾಸಣೆಯ ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಮಾತು ಬರೆದು ಹೋದರು. ದ-ಕ್ಕೆ ದ-ಒತ್ತು ಕೊಡುವ ಪಾಠ ಮರುದಿನಕ್ಕಿತ್ತು. ಅದನ್ನು ಮುಂದಿನ ತಪಾಸಣೆ ಮುಗಿದ ಮೇಲೆ ಇಟ್ಟುಕೊಂಡಿದ್ದೇನೆ.