ಪಟ್ಟಿರಾಯರ ಮೊದಲ ಹತ್ತು

ಪಟ್ಟಿರಾಯರ ಕಷ್ಟಕ್ಕೆಲ್ಲ ಮೂಲ ಅಹಮದಾಬಾದಿನ ಕ್ಯಾಲೆಂಡರು. ಬೇರೆ ಊರುಗಳ ಸಂಗೀತಪ್ರಿಯರು ವರ್ಷವಿಡೀ ಕೇಳಿ, ಡಿಸೆಂಬರ್ ಕೊನೆಯ ವಾರ ನೆಮ್ಮದಿಯಾಗಿ ಕೂತು ‘ಈ ವರ್ಷದ ಹತ್ತು ಅತ್ಯುತ್ತಮ’ ಎಂದು ಬರೆದುಕೊಳ್ಳುತ್ತಾರೆ. ಗುಜರಾತಿನಲ್ಲಿ ಆ ಸುಖ ಇಲ್ಲ. ಅಹಮದಾಬಾದಿನ ಸಪ್ತಕ್ ಸಂಗೀತೋತ್ಸವ ಜನವರಿ 1ಕ್ಕೆ ಶುರುವಾಗಿ 13ಕ್ಕೆ ಮುಗಿಯುತ್ತದೆ. ಹದಿಮೂರು ರಾತ್ರಿಗಳಲ್ಲಿ ದೇಶದ ದೊಡ್ಡ ದೊಡ್ಡ ಗಾಯಕರು, ವಾದಕರು ಸಾಲಾಗಿ ಬಂದು ಹಾಡಿ, ನುಡಿಸಿ ಹೋಗುತ್ತಾರೆ. 14ಕ್ಕೆ ಉತ್ತರಾಯಣ, ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ಆ ಹೊತ್ತಿಗೆ ರಾಯರ ಪಟ್ಟಿಯಲ್ಲಿ ಎಂಟು ಸ್ಥಾನ ಭರ್ತಿ. ಮುಂದಿನ ಹನ್ನೊಂದೂವರೆ ತಿಂಗಳಲ್ಲಿ ಬರುವ ಕಛೇರಿ, ಧ್ವನಿಮುದ್ರಿಕೆಗಳೆಲ್ಲ ಉಳಿದೆರಡು ಜಾಗಕ್ಕೆ ಕಿತ್ತಾಡಬೇಕು.

ಇಲ್ಲಿ ಹೇಳಹೊರಟಿರುವುದು ಯಾರೋ ಒಬ್ಬರ ಕುರಿತಲ್ಲ, ಒಂದು ವರ್ಗದ ಕುರಿತು ಎಂದು ಲೇಖಕ ಪ್ರಮಾಣ ಮಾಡಲು ಸಿದ್ಧ. ಆ ವರ್ಗಕ್ಕೆ ಬೂದು ಬಣ್ಣದ ಮಫ್ಲರ್, ಎಡಗಿವಿಯಲ್ಲಿ ಶ್ರವಣಯಂತ್ರ, ವಡೋದರದ ಅಲ್ಕಾಪುರಿಯಲ್ಲಿ ಎರಡನೇ ಮಹಡಿಯ ಮನೆ ಇರುವುದು ಕೇವಲ ಕಾಕತಾಳೀಯ. ಎಪ್ಪತ್ತರ ದಶಕದಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆಗೆ ಇಂಜಿನಿಯರಾಗಿ ಬಂದು, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಧಾರವಾಡ ಆಕಾಶವಾಣಿಯ ನೆನಪಿನೊಂದಿಗೆ ಸಂಸಾರ ಹೂಡಿದ ಕನ್ನಡಿಗ ಅವರು. ಆ ಮನೆಯ ಕೆಳಗಡೆ ಇನ್ನೊಬ್ಬ ಕನ್ನಡಿಗ ಇದ್ದಾನೆ. ಅವನ ಬಳಿ ಕಾರಿದೆ ಎಂಬುದನ್ನು ಬಿಟ್ಟರೆ ಅವನು ಬೇರೆ ಪಾಪ ಮಾಡಿದವನಲ್ಲ. ಅವನ ಸಂಕಟಗಳು ಲೇಖಕನಿಗೆ ಇಷ್ಟು ವಿವರವಾಗಿ ಹೇಗೆ ಗೊತ್ತು ಎಂದು ಯಾರೂ ಕೇಳಬಾರದು.

ಪಾನನಿಷೇಧದ ರಾಜ್ಯದಲ್ಲಿ ಡಿಸೆಂಬರ್ 31ರ ರಾತ್ರಿ ಜನ ಊಟವನ್ನೇ ಎರಡೆರಡು ಸಲ ಮಾಡುತ್ತಾರೆ. ಆ ಎರಡು ಊಟಗಳ ನಡುವೆ ರಾಯರ ಪಟ್ಟಿ ಬಿಡುಗಡೆಯಾಗುತ್ತದೆ. ಕನ್ನಡ ಸಂಘದ ಹತ್ತು ಹನ್ನೆರಡು ಮನೆಗಳಿಗೆ ಕೈಬರಹದ ಜೆರಾಕ್ಸ್ ಪ್ರತಿ ತಲುಪುತ್ತದೆ. ತಲುಪಿದ ಅರ್ಧ ಗಂಟೆಗೆ ಫೋನು: “ಏನಪ್ಪಾ, ಐದನೆಯದ್ದು ನೋಡಿದ್ಯಾ? ಅದು ನಾಲ್ಕಕ್ಕೆ ಬರಬೇಕಿತ್ತು ಅನ್ನಿಸ್ತಿದೆ.”

ಪಟ್ಟಿಯಲ್ಲಿ ಪಕ್ಷಪಾತವಿಲ್ಲ ಎಂದು ರಾಯರ ವಾದ. ಹತ್ತರಲ್ಲಿ ಆರು ಧಾರವಾಡದ ಸುತ್ತಮುತ್ತಲಿನವರೇ ಇರುವುದು ದೈವಸಂಕಲ್ಪವಂತೆ. ಭೀಮಸೇನರ, ಮನ್ಸೂರರ, ಗಂಗೂಬಾಯಿಯವರ ಯಾವುದೋ ಹಳೆಯ ಮುದ್ರಿಕೆ ಪ್ರತಿವರ್ಷವೂ ಹೊಸದಾಗಿ ಒಳಗೆ ಬರುತ್ತದೆ. ‘ಇದು ಐವತ್ತು ವರ್ಷದ ಹಿಂದಿನದಲ್ಲವೇ?’ ಎಂದರೆ, “ನಾನು ಸರಿಯಾಗಿ ಕೇಳಿದ್ದು ಈ ವರ್ಷ” ಎನ್ನುತ್ತಾರೆ. ಎದುರು ಮನೆಯ ಗುಜರಾತಿ ಮೇಷ್ಟ್ರು ಒಮ್ಮೆ ನೊಂದುಕೊಂಡು, “ರಾವ್‌ಸಾಹೇಬ್, ನಮ್ಮ ಓಂಕಾರನಾಥ ಠಾಕೂರರು ಎಲ್ಲಿ?” ಎಂದು ಕೇಳಿದ್ದರು. ಠಾಕೂರರು ಖಂಭಾತ್ ಬಳಿಯ ಜಹಾಜ್ ಹಳ್ಳಿಯಲ್ಲಿ ಹುಟ್ಟಿದವರು. ಅನ್ನ ಕೊಟ್ಟ ನೆಲದ ಮರ್ಯಾದೆಗೆಂದು ರಾಯರು ಅಂದಿನಿಂದ ಅವರಿಗೆ ಆರನೇ ಸ್ಥಾನ ಖಾಯಂ ಮಾಡಿದ್ದಾರೆ. ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ವಡೋದರದ ವಿಷಯ ಬಂದರೆ ಮಾತ್ರ ರಾಯರು ಸ್ವಂತ ಮನೆತನದ ಕಥೆ ಹೇಳುವ ಧಾಟಿ ಹಿಡಿಯುತ್ತಾರೆ. ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1886ರಲ್ಲಿ, ಮೌಲಾಬಕ್ಷರು ಇಲ್ಲಿ ಗಾಯನಶಾಲೆ ತೆರೆದರು. ಅದೇ ಬೆಳೆದು ಇಂದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗವಾಗಿದೆ. ಆಗ್ರಾ ಘರಾನೆಯ ಫಯಾಜ್ ಖಾನರು ಇಲ್ಲಿನ ಆಸ್ಥಾನ ಗಾಯಕರು. “ಆದರೆ ಅವರಿಗೆ ಆಫ್ತಾಬ್-ಎ-ಮೌಸಿಕೀ ಅಂತ ಬಿರುದು ಕೊಟ್ಟವರು ಯಾರು? ನಮ್ಮ ಮೈಸೂರು ಮಹಾರಾಜರು!” ಎಂದು ಹೇಳಿ ರಾಯರು ಒಂದು ನಿಮಿಷ ಸುಮ್ಮನಾಗುತ್ತಾರೆ, ಚಪ್ಪಾಳೆಗೆ ಬಿಟ್ಟ ಜಾಗ ಅದು. ಆಮೇಲೆ ಅಬ್ದುಲ್ ಕರೀಂ ಖಾನರ ಪ್ರಕರಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಖಾನ್ ಸಾಹೇಬರು ಬರೋಡದ ಆಸ್ಥಾನದಲ್ಲಿದ್ದರು. ಸರದಾರ್ ಮನೆತನದ ತಾರಾಬಾಯಿಯವರಿಗೆ ಸಂಗೀತ ಕಲಿಸಿದರು, ಪ್ರೀತಿಸಿದರು, ಇಬ್ಬರೂ ಊರು ಬಿಟ್ಟರು. ಖಾನ್ ಸಾಹೇಬರು ಮುಂದೆ ಮೀರಜ್‌ನಲ್ಲಿ ನೆಲೆ ನಿಂತರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ಸವಾಯಿ ಗಂಧರ್ವರಿಂದ ಭೀಮಸೇನರು, ಗಂಗೂಬಾಯಿಯವರು. “ಓಡಿಹೋಗದೇ ಇದ್ದಿದ್ರೆ ಏನಾಗ್ತಿತ್ತು ಯೋಚನೆ ಮಾಡು,” ಎಂದು ರಾಯರು ಮದುವೆಯ ವಯಸ್ಸಿನ ಹುಡುಗರ ಎದುರೇ ಹೇಳುತ್ತಾರೆ. ಸಂಘದ ತಾಯಂದಿರಿಗೆ ಇದು ಸರಿಬಂದಿಲ್ಲ.

ಇನ್ನುಳಿದ ಗುಣಗಳನ್ನು ಬೇಗ ಹೇಳಿ ಮುಗಿಸಬಹುದು. ಈಗಾಗಲೇ ಸ್ಥಾನ ನಿಗದಿಯಾದ ಕಲಾವಿದ ವೇದಿಕೆಗೆ ಬಂದರೆ ಶ್ರವಣಯಂತ್ರ ಬಂದ್ ಮಾಡಿ ಬ್ಯಾಟರಿ ಉಳಿಸುತ್ತಾರೆ. ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಮಾಡುತ್ತಿದ್ದಾಗಲೇ ಅಂಕ ಹಾಕಲು ಶುರು. ಮನೆಯಾಕೆ ಒಮ್ಮೆ ತಮಾಷೆಗೆ, ಈ ವರ್ಷದ ಸಾರುಗಳಲ್ಲಿ ಇವತ್ತಿನದು ಎಷ್ಟನೆಯದು ಎಂದು ಕೇಳಿದರು. ರಾಯರು ಪ್ರಾಮಾಣಿಕವಾಗಿ ಯೋಚಿಸಿ ನಾಲ್ಕು ಎಂದರು. ಐದನೆಯದನ್ನು ತಿಂಗಳುಗಟ್ಟಲೆ ಉಂಡರು.

ಕೆಳಮನೆಯವನನ್ನು ಹಣ್ಣು ಮಾಡಿರುವುದು ಮಾತ್ರ ಸಪ್ತಕ್‌ನಿಂದ ವಾಪಸಾಗುವ ದಾರಿ. ಅಹಮದಾಬಾದಿನಿಂದ ವಡೋದರಕ್ಕೆ ಎಕ್ಸ್‌ಪ್ರೆಸ್‌ವೇ 93 ಕಿಲೋಮೀಟರ್. ಕಛೇರಿ ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಒಂದು ವರ್ಷ ಅಂಥದೊಂದು ರಾತ್ರಿ ಇಬ್ಬರೂ ಮಾಲಕಂಸ ರಾಗ ಕೇಳಿದ್ದರು. ಕೇಳಿದ ಮೇಲೆ ಸ್ವಲ್ಪ ಹೊತ್ತು ಮಾತು ಬೇಡವೆನಿಸುವಂಥ ಮಾಲಕಂಸ. ಮೊದಲು ಹೊಟ್ಟೆಯ ಬೇಡಿಕೆಗೆ ಮಾಣೆಕ್ ಚೌಕಕ್ಕೆ ಹೋದರು. ಹಗಲು ಚಿನ್ನದ ವ್ಯಾಪಾರ, ರಾತ್ರಿ ತಿಂಡಿಯ ವ್ಯಾಪಾರ ನಡೆಯುವ ಆ ಚೌಕದಲ್ಲಿ ಬೆಣ್ಣೆ, ಚೀಸು ಮುಳುಗಿಸಿದ ಗ್ವಾಲಿಯರ್ ದೋಸೆ ಸಿಗುತ್ತದೆ. ಗ್ವಾಲಿಯರ್ ಘರಾನೆಯನ್ನು ಗೌರವಿಸುವ ರಾಯರು ಗ್ವಾಲಿಯರ್ ದೋಸೆಯನ್ನು ಒಪ್ಪರು. ಅದರಲ್ಲಿ ಅವರದು ದಾವಣಗೆರೆ ಘರಾನೆ. ಎರಡು ತಿಂದು, ಎರಡಕ್ಕೂ ಕಡಿಮೆ ಅಂಕ ಕೊಟ್ಟು, ಕಾರು ಹತ್ತಿದರು.

ಆಗ ಹೊರಬಂತು ಫೋನು. ಈಗಷ್ಟೇ ಕೇಳಿದ್ದನ್ನು ಅಳೆಯಬೇಕಲ್ಲ? ಭೀಮಸೇನರ ಮಾಲಕಂಸ ಹಾಕಿದರು. ಅದನ್ನು ಅರ್ಧಕ್ಕೆ ನಿಲ್ಲಿಸಿ ಅಮೀರ್ ಖಾನರದು. ಆಮೇಲೆ ಸಭೆಯಲ್ಲಿ ಕದ್ದು ಮುದ್ರಿಸಿಕೊಂಡಿದ್ದ ಆ ರಾತ್ರಿಯದೇ ತುಣುಕು. ಅದರಲ್ಲಿ ಪಕ್ಕದವರ ಕೆಮ್ಮೇ ಸ್ಪಷ್ಟ. ನಡಿಯಾದ್ ಹತ್ತಿರ ಇವತ್ತಿನವರು ಮೂರನೇ ಸ್ಥಾನದಲ್ಲಿದ್ದರು. ಆಣಂದ್ ಬರುವಷ್ಟರಲ್ಲಿ ಎರಡಕ್ಕೇರಿದರು. “ನೀನೇನಂತೀಯಪ್ಪ?” ಎಂದು ಕೇಳಿದಾಗ ಕೆಳಮನೆಯವನು ಆಕಳಿಸಿದ. ಅದನ್ನೂ ಅಭಿಪ್ರಾಯವೆಂದು ಡೈರಿಯಲ್ಲಿ ಬರೆದುಕೊಂಡು ನಾಲ್ಕಕ್ಕಿಳಿಸಿದರು. ಟೋಲ್ ನಾಕಾ ಬಂತು. ಯಂತ್ರ ಕಾರಿನ ಟ್ಯಾಗನ್ನು ಓದಲು ಒಪ್ಪಲಿಲ್ಲ, ಕಾರು ನಿಂತಿತು. ರಾಯರು ಸಿಕ್ಕಿದ ಬೆಳಕಿನಲ್ಲಿ ರಬ್ಬರು ತೆಗೆದು ನಾಲ್ಕನ್ನು ಉಜ್ಜತೊಡಗಿದರು. ಟೋಲ್‌ನ ಹುಡುಗ ಬಗ್ಗಿ, ಏನಾಯಿತು ಕಾಕಾ ಎಂದ. ರಾಯರು ಅವನಿಗೂ ವಿಷಯ ವಿವರಿಸಿದರು, ವಿಲಂಬಿತದಿಂದ ಹಿಡಿದು. ಹುಡುಗ ತಾಳ್ಮೆಯಿಂದ ಕೇಳಿ ಹೇಳಿದ: “ಎರಡನೇ ಸ್ಥಾನ ಕೊಟ್ಟುಬಿಡಿ ಕಾಕಾ. ಹಿಂದೆ ಲಾರಿಗಳು ನಿಂತಿವೆ.”

ಆ ವರ್ಷದ ಪಟ್ಟಿಯಲ್ಲಿ ಎರಡನೇ ಸ್ಥಾನ ಅದಕ್ಕೇ ಉಳಿಯಿತು.

ಅಂಕೆಗಳ ಈ ಗೋಳು ತಪ್ಪಿದ್ದು ಸೂರತ್‌ನಿಂದಾಗಿ. ರಾಯರ ಮಗಳ ಮನೆ ಅಲ್ಲಿದೆ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವ ಊರು ಅದು. ಮಹಿಧರಪುರದ ಹೀರಾ ಬಜಾರಿನಲ್ಲಿ ದಲಾಲಿಗಳು ಸ್ಕೂಟರ್ ಸೀಟಿನ ಮೇಲೆಯೇ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಹರಳು ಹಿಡಿದು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ದರ್ಜೆ ಹೇಳುವುದನ್ನು ರಾಯರು ಒಂದು ಇಡೀ ಮಧ್ಯಾಹ್ನ ನೋಡಿದರು. ವಜ್ರದ ಬಣ್ಣಕ್ಕೆ ಅಕ್ಷರದ ದರ್ಜೆ. ಮಜಾ ಎಂದರೆ ಅದು ಎ ಇಂದ ಶುರುವಾಗುವುದಿಲ್ಲ. ಚೂರೂ ಬಣ್ಣವಿಲ್ಲದ ಶ್ರೇಷ್ಠ ಹರಳಿಗೆ ಡಿ. ಅಲ್ಲಿಂದ ಕೆಳಗೆ ಹಳದಿ ಏರುತ್ತಾ ಝಡ್‌ವರೆಗೆ. ಹಳೆಯ ದರ್ಜೆಗಳ ಜೊತೆ ಗೊಂದಲವಾಗದಿರಲೆಂದು ಮೊದಲ ಮೂರು ಅಕ್ಷರ ಬಿಟ್ಟಿದ್ದಾರೆ. ರಾಯರಿಗೆ ಜ್ಞಾನೋದಯವಾದದ್ದು ಅಲ್ಲೇ. ಅಂದಿನಿಂದ ಅವರ ಪಟ್ಟಿಯೂ ಡಿ ಇಂದ ಶುರು. ಎ, ಬಿ, ಸಿ ಖಾಲಿ. ಅವು ಹೋದವರಿಗೆ ಮೀಸಲು: ಅಬ್ದುಲ್ ಕರೀಂ ಖಾನರು, ಫಯಾಜ್ ಖಾನರು, ಮನ್ಸೂರರು. ಬದುಕಿರುವವರು ಎಷ್ಟೇ ಚೆನ್ನಾಗಿ ಹಾಡಲಿ, ಡಿ ದಾಟುವಂತಿಲ್ಲ. ಕೆಳಮನೆಯವನಿಗೆ ಈ ಪದ್ಧತಿ ಮೆಚ್ಚುಗೆಯಾಯಿತು. ಧಾರವಾಡದವರು ಅತ್ತ ಸರಿದದ್ದರಿಂದ ಡಿ ಕೆಳಗೆ ಬೇರೆ ಊರುಗಳಿಗೂ ಜಾಗ ಸಿಕ್ಕಿತ್ತು. ಸಂತೂರ್, ಕೊಳಲಿನ ಜೊತೆ ಅಹಮದಾಬಾದಿನಲ್ಲಿ ನೆಲೆಸಿದ್ದ ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರ್ ಇರುವ 1967ರ ‘ಕಾಲ್ ಆಫ್ ದಿ ವ್ಯಾಲಿ’ ಕೂಡ ಒಂದು ವರ್ಷ ಸ್ಥಾನ ಪಡೆಯಿತು.

ಆಮೇಲೆ ಬಂದದ್ದು 2024. ಸಪ್ತಕ್ ನಡೆಯುತ್ತಿದ್ದಾಗಲೇ, ಜನವರಿ 9ರಂದು, ಕೋಲ್ಕತ್ತದಲ್ಲಿ ರಶೀದ್ ಖಾನ್ ತೀರಿಕೊಂಡರು. ವಯಸ್ಸು ಐವತ್ತೈದು. ಉತ್ಸವದ ಕೊನೆಯ ದಿನವಾದ 13ರಂದು ಪ್ರಭಾ ಅತ್ರೆ. ಜೂನ್ 11ರಂದು ಮೈಸೂರಿನಲ್ಲಿ ಸರೋದಿನ ರಾಜೀವ ತಾರಾನಾಥ. ಆಗಸ್ಟ್ 20ರಂದು ಸ್ವತಃ ಮಂಜು ಮೆಹ್ತಾ. ರವಿಶಂಕರರ ಶಿಷ್ಯೆಯಾದ ಈ ಸಿತಾರ್ ವಾದಕಿ, ಪತಿ ತಬಲಾವಾದಕ ನಂದನ್ ಮೆಹ್ತಾರ ಜೊತೆ 1980ರಲ್ಲಿ ಸಪ್ತಕ್ ಶಾಲೆ ಕಟ್ಟಿದವರು. ನವೆಂಬರಿನಲ್ಲಿ ಸಾರಂಗಿಯ ರಾಮ್ ನಾರಾಯಣ್. ಡಿಸೆಂಬರ್ 15ರಂದು ಜಾಕಿರ್ ಹುಸೇನ್.

ಆ ವರ್ಷ ಎ, ಬಿ, ಸಿ ಮನೆಗಳಲ್ಲಿ ಜಾಗವೇ ಸಾಲಲಿಲ್ಲ. ಡಿಸೆಂಬರ್ 31ರ ರಾತ್ರಿ ಜೆರಾಕ್ಸ್ ಬರಲಿಲ್ಲ. ಪ್ರತಿವರ್ಷ ಅದನ್ನು ನೋಡಿ ನಗುತ್ತಿದ್ದವರೇ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡರು. ಕೆಳಮನೆಯವನು ಮಹಡಿ ಹತ್ತಿದ. ರಾಯರು ಊಟದ ಮೇಜಿನ ಮೇಲೆ ಡೈರಿ ಬಿಚ್ಚಿಟ್ಟುಕೊಂಡಿದ್ದರು. ಆರು ಹೆಸರು, ಎದುರಿಗೆ ಆರು ತಾರೀಕು. ಅಂಕೆಯೂ ಇಲ್ಲ, ಅಕ್ಷರವೂ ಇಲ್ಲ. “ಯಾರನ್ನ ಯಾರ ಕೆಳಗೆ ಬರೀಲಿ ಹೇಳು,” ಎಂದರು. ಕೆಳಮನೆಯವನಿಗೆ ಒಂದು ಸಂಗತಿ ಹೊಳೆಯಿತು: ಅಂಕ ಹಾಕಬೇಕಾದರೆ ಮನುಷ್ಯ ಕೊನೆಯವರೆಗೂ ಕೂತು ಕೇಳಬೇಕು. ಟೋಲ್ ನಾಕಾದ ಆ ರಾತ್ರಿ ಅವನು ಕಾರಿನಲ್ಲಿ ಬರೀ ಮನೆಯ ದಾರಿ ಕಾಯುತ್ತಿದ್ದ. ರಾಯರು ಮಾಲಕಂಸದಿಂದ ಇನ್ನೂ ಎದ್ದು ಬಂದಿರಲಿಲ್ಲ. ಪಟ್ಟಿ ಮಾಡುವವರನ್ನು ನೋಡಿ ನಗುವುದು ಸುಲಭ, ಆದರೆ ಅಷ್ಟು ಗಮನ ಕೊಟ್ಟು ಕೇಳುವ... ಇರಲಿ, ಇದು ಉಪನ್ಯಾಸದ ಕಡೆಗೆ ಹೊರಟಿದೆ. ಮನೆಯಾಕೆ ಅಷ್ಟರಲ್ಲಿ ಎರಡನೇ ಊಟಕ್ಕೆ ತಟ್ಟೆ ಇಟ್ಟಿದ್ದರು. ಸಾರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ರಾಯರನ್ನು ಮತ್ತೆ ಪಟ್ಟಿಗೆ ತಂದದ್ದು ಸೂರತ್‌ನ ಮೊಮ್ಮಗ. 2025ರ ಜನವರಿ 25, 26ರಂದು ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ಕಾರ್ಯಕ್ರಮ. ಟಿಕೆಟ್ ತೆಗೆದಿದ್ದ ಗೆಳೆಯನಿಗೆ ಜ್ವರ ಬಂದು, ಹುಡುಗ ಅಜ್ಜನನ್ನು ಹೊರಡಿಸಿಕೊಂಡು ಹೋದ. ಲಕ್ಷ ಜನರ ಮಣಿಕಟ್ಟಿನಲ್ಲಿ ಬಣ್ಣ ಬದಲಾಯಿಸುವ ದೀಪದ ಪಟ್ಟಿ. ರಾಯರ ಕೈಯಲ್ಲೂ ಒಂದು. ಶ್ರವಣಯಂತ್ರವನ್ನು ಗೇಟಿನಲ್ಲೇ ಬಂದ್ ಮಾಡಿದ್ದರಂತೆ, ಆದರೂ ಎಲ್ಲ ಕೇಳಿಸಿತಂತೆ. “ಒಬ್ಬನೂ ಕೂತಿರಲಿಲ್ಲ ಮಾರಾಯ. ಆದ್ರೆ ಒಬ್ಬನೂ ಮಧ್ಯದಲ್ಲಿ ಎದ್ದೂ ಹೋಗಲಿಲ್ಲ,” ಎಂದು ವರದಿ ಒಪ್ಪಿಸಿದರು. ಅವರ ಶಬ್ದಕೋಶದಲ್ಲಿ ಇದು ಭಾರೀ ಪ್ರಶಂಸೆ.

ಫೆಬ್ರವರಿಯಲ್ಲಿ ಮೊಮ್ಮಗ ತನ್ನದೇ ಪಟ್ಟಿ ಕಳಿಸಿದ. ಅಜ್ಜನ ಒತ್ತಾಯಕ್ಕೆ ಕೇಳಿದ ಅಬ್ದುಲ್ ಕರೀಂ ಖಾನರ ಹಳೆಯ ಮೂರು ನಿಮಿಷದ ಮುದ್ರಿಕೆ ಅದರಲ್ಲಿ ಏಳನೆಯದು. ಆದಿತ್ಯ ಗಢವಿ ಹಾಡಿದ ಗುಜರಾತಿ ‘ಖಲಾಸಿ’ ಆರನೆಯದು. ರಾಯರು ಕೆರಳಿದರು. ಕೋಲ್ಡ್‌ಪ್ಲೇಗೆ ಮೊದಲ ಸ್ಥಾನ ಕೊಟ್ಟದ್ದಕ್ಕಲ್ಲ, ಆರು–ಏಳರ ವಿಷಯಕ್ಕೆ. ಆರನೇ ಸ್ಥಾನ ಓಂಕಾರನಾಥರದ್ದು, ಅದನ್ನು ಅವನು ಕೇಳದೇ ಬೇರೆಯವರಿಗೆ ಹೇಗೆ ಕೊಟ್ಟ? ಮೊಮ್ಮಗ ಜಗ್ಗಲಿಲ್ಲ. ಎಷ್ಟಾದರೂ ರಕ್ತ ಒಂದೇ. ಪಂಚಾಯಿತಿಕೆಗೆ ಕೆಳಮನೆಯವನನ್ನು ನೇಮಿಸಿದ್ದಾರೆ. ಭಾನುವಾರ ಬೆಳಿಗ್ಗೆ, ಫಾಫಡಾ–ಜಲೇಬಿಯ ಜೊತೆ. ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಎದ್ದಾಗ ಅವನು ಒಂದು ಚೀಟಿ ತೆಗೆದು ಬೀದಿಯ ಐದು ಅಂಗಡಿಗಳ ಹೆಸರು ಬರೆದ. ಗರಿಗರಿತನಕ್ಕೆ ಬೇರೆ ಅಂಕ, ಪಪ್ಪಾಯಿಯ ಸಂಭಾರಕ್ಕೆ ಬೇರೆ ಅಂಕ.