ಹೌದಪ್ಪಗಳಿಗೊಂದು ಅಂಕಪಟ್ಟಿ

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಡೇಟಾ ಅನಲಿಸ್ಟು. ಯುಗಾದಿಗೆಂದು ಊರಿಗೆ ಬಂದವನು ಒಬ್ಬಟ್ಟು ಮುಗಿಸಿ ಕೈ ತೊಳೆದು ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಹಬ್ಬದ ಮಾರನೇ ದಿನ ನಮ್ಮ ಕಡೆ ಇಸ್ಪೀಟಿಗೆ ಕೂರುವುದು ವಾಡಿಕೆ. ಇವನು ಪ್ರಜಾಪ್ರಭುತ್ವಕ್ಕೆ ಕೂತ.

‘ಮಾವ, ನಮ್ಮ ಎಮ್ಮೆಲ್ಲೆಗೆ ಒಂದು ಮಾರ್ಕ್ಸ್ ಕಾರ್ಡ್ ಮಾಡ್ತಿದೀನಿ. ಎಲ್ಲಾ ಅಂಕಿ-ಅಂಶದ ಮೇಲೆ. ಯಾರೂ ಪಕ್ಷಪಾತ ಅನ್ನೋ ಹಾಗಿಲ್ಲ.’

‘ಎಷ್ಟಕ್ಕಪ್ಪಾ?’

‘ನೂರಕ್ಕೆ. ಪಾಸಿಗೆ ಮೂವತ್ತೈದು.’

‘ಮೂವತ್ತೈದು ಪರ್ಸೆಂಟ್ ವೋಟು ತಗೊಂಡೇ ಗೆದ್ದಿರೋದು. ಆಗಲೇ ಪಾಸಾಗಿದಾರೆ, ಬಿಡು.’

ಅವನು ನಗಲಿಲ್ಲ. ಪರದೆಯ ಮೇಲೆ 224 ಸಾಲು ಎಳೆದಿದ್ದ. ಮೇಲೆ ನಾಲ್ಕು ಕಾಲಂ: ಮತದಾನ, ಹಾಜರಿ, ಪ್ರಶ್ನೆ, ಮಸೂದೆ. ಅಮೆರಿಕದಲ್ಲಿ ಹೀಗೆ ಶಾಸಕರನ್ನು ಅಳೆಯುವುದೇ ಒಂದು ವಿದ್ಯೆಯಂತೆ. ಕ್ರೇಗ್ ವೋಲ್ಡನ್, ಆಲನ್ ವೈಸ್‌ಮನ್ ಎಂಬ ಇಬ್ಬರು ಪ್ರೊಫೆಸರುಗಳು 15 ಅಳತೆ ಇಟ್ಟುಕೊಂಡು ಒಬ್ಬೊಬ್ಬ ಸದಸ್ಯನ ಸಾಮರ್ಥ್ಯವನ್ನು ತೂಗುತ್ತಾರಂತೆ. ಬರೀ ಹೆಸರಿಡುವ, ಗೌರವ ಸಲ್ಲಿಸುವ ಮಸೂದೆ ತಂದರೆ 1ರ ತೂಕ, ತಿರುಳಿರುವ ಮಸೂದೆಗೆ 5, ನಾಡಿನ ಗಮನ ಸೆಳೆಯುವಂಥದ್ದಾದರೆ 10. ಅದು ಸಮಿತಿ ದಾಟಿತೇ, ಸದನ ದಾಟಿತೇ, ಕಾನೂನಾಯಿತೇ ಎಂದು ಮೆಟ್ಟಿಲು ಮೆಟ್ಟಿಲಿಗೂ ಲೆಕ್ಕ.

‘ಸರಿ, ನಮ್ಮೋರ ಮತದಾನದ ಕಾಲಂ ತುಂಬು’ ಅಂದೆ.

ಹುಡುಗ ಅಲ್ಲೇ ಸಿಕ್ಕಿಬಿದ್ದ.

ನಮ್ಮಲ್ಲಿ ಮಸೂದೆ ಪಾಸಾಗುವುದು ಧ್ವನಿಮತದಲ್ಲಿ. ಒಪ್ಪುವವರು ‘ಹೌದು’ ಎನ್ನಬೇಕು, ಒಪ್ಪದವರು ‘ಇಲ್ಲ’ ಎನ್ನಬೇಕು. ಯಾವ ಕಡೆ ಸದ್ದು ಹೆಚ್ಚೋ ಆ ಕಡೆ ಗೆಲುವು. ಸದ್ದಿಗೆ ಹೆಸರಿಲ್ಲ, ಊರಿಲ್ಲ, ಕ್ಷೇತ್ರವಿಲ್ಲ. ಸದಸ್ಯರು ಪಟ್ಟು ಹಿಡಿದು ಮತ ವಿಭಜನೆ ಕೇಳಿದರೆ ಮಾತ್ರ ತಲೆ ಎಣಿಕೆ. ಕೇಳುವವರು ಬಹಳ ಇಲ್ಲ. ಮನೆಗೊಬ್ಬರಂತೆ ಬಂದು ಉಂಡುಹೋದ ಊಟದಲ್ಲಿ ಎಲೆ ಎಣಿಸುವವನನ್ನು ಯಾರು ತಾನೇ ಇಷ್ಟಪಡುತ್ತಾರೆ?

2025ರ ಮಾರ್ಚ್ 21 ಬಜೆಟ್ ಅಧಿವೇಶನದ ಕೊನೇ ದಿನ. ವಿರೋಧ ಪಕ್ಷದವರು ಸದನದ ಬಾವಿಗಿಳಿದಿದ್ದರು, ಕಾಗದ ಚೂರಾಗಿ ಹಾರುತ್ತಿತ್ತು, ಸಂಜೆಯೊಳಗೆ 18 ಮಂದಿ ಆರು ತಿಂಗಳಿಗೆ ಅಮಾನತಾದರು. ಆ ಗದ್ದಲದ ನಡುವೆಯೇ ಶಾಸಕರ ತಿಂಗಳ ವೇತನ 40 ಸಾವಿರದಿಂದ 80 ಸಾವಿರಕ್ಕೂ ಮುಖ್ಯಮಂತ್ರಿಯದನ್ನು 75 ಸಾವಿರದಿಂದ ಒಂದೂವರೆ ಲಕ್ಷಕ್ಕೂ ಏರಿಸುವ ಮಸೂದೆಗಳು ಚರ್ಚೆಯ ರಗಳೆಯಿಲ್ಲದೆ ದಡ ಸೇರಿದವು. ಇದಕ್ಕೆ ಮೂರು ವರ್ಷ ಮೊದಲು, 2022ರ ಫೆಬ್ರುವರಿಯಲ್ಲಿ, 25 ಸಾವಿರ 40 ಸಾವಿರವಾಗಿದ್ದೂ ಇಂಥದೇ ಗದ್ದಲದಲ್ಲಿ. ಆಗ ಆಳುತ್ತಿದ್ದವರು ಈಗ ಬಾವಿಯಲ್ಲಿದ್ದರು, ಆಗ ಬಾವಿಯಲ್ಲಿದ್ದವರು ಈಗ ಆಳುತ್ತಿದ್ದರು. ಬಾವಿ ಮಾತ್ರ ಎರಡೂ ಸಲ ಯಾರನ್ನೂ ಬರಿಗೈಲಿ ಕಳಿಸಲಿಲ್ಲ.

‘ಇದಕ್ಕೆ ನಮ್ಮ ಶಾಸಕರು ಹೌದು ಅಂದ್ರೋ ಇಲ್ಲ ಅಂದ್ರೋ?’

‘ಗೊತ್ತಾಗಲ್ಲ ಮಾವ.’

‘ಸಂಬಳ ಬಂತೋ ಇಲ್ವೋ ನೋಡು.’

ಅವನು ಆ ಖಾನೆಯಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದು 224 ಸಾಲಿಗೂ ಎಳೆದುಬಿಟ್ಟ. ಮೌಸ್ ಹಿಡಿದು ಒಂದೇ ಎಳೆತ. ರಾಜ್ಯದ ಶಾಸಕಾಂಗಕ್ಕೆ ಅಷ್ಟು ಸಮಾನವಾದ ನ್ಯಾಯ ಹಿಂದೆ ಯಾರೂ ಕೊಟ್ಟಿರಲಾರರು.

ತಲೆ ಎಣಿಸಿದರೂ ಹೆಚ್ಚೇನೂ ದಕ್ಕುತ್ತಿರಲಿಲ್ಲ. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ ಮೇಲೆ ಪಕ್ಷದ ವಿಪ್ ಮೀರಿ ಮತ ಹಾಕಿದವನ, ಮತವೇ ಹಾಕದೆ ಕೂತವನ ಸದಸ್ಯತ್ವ ಹೋಗಬಹುದು. ಪಕ್ಷ 15 ದಿನದೊಳಗೆ ಕ್ಷಮಿಸಿದರೆ ಬಚಾವು. ಹಾಗಾಗಿ ಪಕ್ಷನಿಷ್ಠೆಯ ಅಂಕ ಎಲ್ಲರಿಗೂ ನೂರಕ್ಕೆ ನೂರು. ತರಗತಿಯ ಮಕ್ಕಳೆಲ್ಲ ಒಂದೇ ಉತ್ತರಪತ್ರಿಕೆ ಬರೆದು, ಅದನ್ನೂ ಮೇಷ್ಟ್ರೇ ಹೇಳಿ ಬರೆಸಿದ್ದರೆ, ಸಂಖ್ಯಾಶಾಸ್ತ್ರ ತಾನೇ ಏನು ಮಾಡೀತು?

ಹಾಜರಿ ಕಾಲಂಗೆ ಜಾರಿದೆವು. ಇಲ್ಲಿ ವಿಜ್ಞಾನ ಸಾಕಷ್ಟು ಮುಂದುವರಿದಿದೆ. ಶಾಸಕರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಎದ್ದುಹೋದರು ಎಂದು ಗುರುತಿಡಲು 2024ರಲ್ಲಿ ವಿಧಾನಸಭೆಯ ಬಾಗಿಲಿಗೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಬಂತು. ಸಹಜವಾದದ್ದು ಒಳಗಿದೆಯೋ ಇಲ್ಲವೋ ನೋಡಲು ಕೃತಕವಾದದ್ದು ಬಾಗಿಲು ಕಾಯುವ ಕಾಲ. ಮಧ್ಯಾಹ್ನ ಊಟಕ್ಕೆ ಹೋದವರು ನಿದ್ದೆಗೆ ಸಿಕ್ಕಿ ಮರಳುವುದಿಲ್ಲವೆಂದು ಮರುವರ್ಷ ಮೊಗಸಾಲೆಯಲ್ಲಿ ಒರಗುಕುರ್ಚಿ ಹಾಕಿಸುವ ಯೋಜನೆಯೂ ಸುದ್ದಿಯಾಯಿತು. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಹಿಡಿದಿಡಲು ಬಿಸಿಯೂಟ ಕೊಡುತ್ತಾರೆ. ಊಟದ ನಂತರದ ಸಮಸ್ಯೆಗೆ ಪರಿಹಾರ ಹುಡುಕಿದ ಕೀರ್ತಿ ಶಿಕ್ಷಣ ಇಲಾಖೆಯದ್ದಲ್ಲ, ವಿಧಾನಸಭೆಯದ್ದು.

‘ಹಾಜರಿ ಶೇಕಡಾ ತೊಂಬತ್ತು ಬಂದ್ರೆ ಫಸ್ಟ್ ಕ್ಲಾಸ್ ಕೊಡಬಹುದಲ್ವಾ ಮಾವ?’

‘ಎಷ್ಟು ದಿನಕ್ಕೆ ತೊಂಬತ್ತು?’

ನಮ್ಮ ರಾಜ್ಯದಲ್ಲಿ 2005ರದ್ದೊಂದು ಕಾಯ್ದೆ ಇದೆ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಎನ್ನುತ್ತದೆ. ಕಾಯ್ದೆ ಮಾಡಿದವರು ಶಾಸಕರೇ. ಅರವತ್ತು ತುಂಬುವ ಭಾಗ್ಯ ಆ ಕಾಯ್ದೆಗೆ ಅಪರೂಪ. ಭಾಗಾಕಾರದಲ್ಲಿ ಛೇದ ಸಣ್ಣದಾದಷ್ಟೂ ಉತ್ತರ ದೊಡ್ಡದಾಗುತ್ತದೆ. ಶಾಲೆಯ ಬಾಗಿಲೇ ತೆಗೆಯದಿದ್ದರೆ ಗೈರುಹಾಜರಾದ ಒಬ್ಬ ಹುಡುಗನೂ ಸಿಗುವುದಿಲ್ಲ.

ಪ್ರಶ್ನೆಯ ಕಾಲಂ ತುಂಬಿತು, ತುಂಬಿದ್ದರಿಂದಲೇ ಅನುಮಾನ ಬಂತು. ಕೆರೆ ಒತ್ತುವರಿ ಬಗ್ಗೆ ಕೇಳಿದ ಚುಕ್ಕೆ ಗುರುತಿನ ಪ್ರಶ್ನೆಗೂ ಒಂದು ಅಂಕ, ‘ಸದರಿ ರಸ್ತೆಯ ಕಾಮಗಾರಿ ಯಾವಾಗ ಪೂರ್ಣಗೊಳ್ಳುವುದು’ ಎಂಬುದಕ್ಕೂ ಒಂದು ಅಂಕ. ಉತ್ತರ ಎರಡಕ್ಕೂ ಒಂದೇ: ‘ಪರಿಶೀಲನೆಯಲ್ಲಿದೆ’. ಮಸೂದೆಯ ಕಾಲಂ ಬಗ್ಗೆ ಅವನನ್ನು ಹೆಚ್ಚು ನೋಯಿಸಲಿಲ್ಲ. ಪಾರ್ಲಿಮೆಂಟಿನಲ್ಲೇ ಮಂತ್ರಿಯಲ್ಲದ ಸದಸ್ಯರು ತಂದ ಮಸೂದೆಗಳಲ್ಲಿ ಈವರೆಗೆ ಕಾನೂನಾದದ್ದು 14, ಕೊನೆಯದು 1970ರಲ್ಲಿ ಎಂದಷ್ಟೇ ಹೇಳಿದೆ. ಅವನ ಅಪ್ಪ ಆಗಿನ್ನೂ ಹುಟ್ಟಿರಲಿಲ್ಲ.

ಹುಡುಗ ಜೋತುಬಿದ್ದ ಮುಖ ಹಾಕಿಕೊಂಡು ಕೂತ. ಪಾಪ ಎನಿಸಿ ಒಂದು ಗಟ್ಟಿ ಲೆಕ್ಕ ಕೊಟ್ಟೆ. 2019ರ ಜುಲೈ 23. ವಿಶ್ವಾಸಮತ. ಅವತ್ತು ಧ್ವನಿ ನಡೆಯಲಿಲ್ಲ, ತಲೆ ಎಣಿಸಿದರು. ಕುಮಾರಸ್ವಾಮಿ ಸರ್ಕಾರದ ಪರ 99, ವಿರುದ್ಧ 105.

‘ಈಗ ಹೇಳು, ಅವತ್ತು ಯಾರ ಮತದ ಪ್ರಭಾವ ಜಾಸ್ತಿ?’

‘ಆ 105 ಜನರದ್ದು.’

‘ತಪ್ಪು. ಸದನಕ್ಕೇ ಬರದ 20 ಜನರದ್ದು.’

ಅವನು ಕನ್ನಡಕ ತೆಗೆದು ಒರೆಸಿಕೊಂಡ. ನಾನು ಬಿಡಲಿಲ್ಲ. ಆ ಗೈರುಹಾಜರಿಗಳಲ್ಲಿ 17 ಮಂದಿಯನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರಲ್ಲಿ 13 ಮಂದಿ ಹೊಸ ಪಕ್ಷದಿಂದ ನಿಂತು 11 ಮಂದಿ ಗೆದ್ದರು. 2020ರ ಫೆಬ್ರುವರಿ 6ಕ್ಕೆ 10 ಮಂದಿ ಮಂತ್ರಿಗಳು. ಹಾಜರಿ ಸೊನ್ನೆ, ಭಾಷಣ ಸೊನ್ನೆ, ಮತ ಸೊನ್ನೆ. ಫಲಿತಾಂಶ ಒಂದು ಸರ್ಕಾರ ಇಳಿದು ಇನ್ನೊಂದು ಏರಿದ್ದು. ಸೊನ್ನೆಯಿಂದ ಭಾಗಿಸಿದರೆ ಅನಂತ ಬರುತ್ತದೆ ಎಂದು ನಮ್ಮ ಲೆಕ್ಕದ ಮೇಷ್ಟ್ರು ಹೇಳುತ್ತಿದ್ದರು. ಆ ಅನಂತ, ಬಂಡೆದ್ದವರು ತಂಗಿದ್ದ ಮುಂಬೈ ಹೋಟೆಲಿನ ರೂಮಿನಲ್ಲಿ ಸಿದ್ಧವಾಗುತ್ತದೆಂದು ಅವರಿಗೆ ತಿಳಿದಿರಲಿಲ್ಲ.

‘ಇನ್ನೊಬ್ಬರನ್ನ ಹಾಕು. ಶಾಂತವೇರಿ ಗೋಪಾಲಗೌಡರು.’

ಮೂರು ಸಲ ಗೆದ್ದು, ಮೂರೂ ಸಲ ವಿರೋಧ ಪಕ್ಷದ ಬೆಂಚಿನಲ್ಲೇ ಕೂತವರು. ಅವನ ಯಂತ್ರ ಲೆಕ್ಕ ಹಾಕಿ ಕೊಟ್ಟ ಅಂಕ ಎರಡಂಕಿ ಮುಟ್ಟಲಿಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತದ್ದಕ್ಕೆ ಅದರಲ್ಲಿ ಖಾನೆಯಿಲ್ಲ. ಅವರು ತೀರಿಕೊಂಡದ್ದು 1972ರಲ್ಲಿ. ಅವರು ಹಂಬಲಿಸಿದ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ, ಗೇಣಿದಾರನಿಗೆ ನೆಲ ಕೊಟ್ಟ, ದೇವರಾಜ ಅರಸು ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಸತ್ತ ಮೇಲೆ ಬಂದ ಬೆಳೆಯನ್ನು ಬಿತ್ತಿದವನ ಲೆಕ್ಕಕ್ಕೆ ಹಾಕುವ ಸೂತ್ರ ಅವನ ಬಳಿ ಇರಲಿಲ್ಲ.

‘ಔಟ್‌ಲೈಯರ್ ಮಾವ. ಇಂಥಾದ್ದು ಬಂದ್ರೆ ನಾವು ತೆಗೆದುಹಾಕ್ತೀವಿ.’

‘ಜನಾನೂ ಹಾಗೇ ಮಾಡಿದಾರೆ, ಹೆದರಬೇಡ’ ಅಂದೆ.

ಮಾರನೇ ಬೆಳಗ್ಗೆ, ಖಾಲಿ ಖಾನೆ ತುಂಬಿಸಿಕೊಂಡು ಬರೋಣವೆಂದು ಇಬ್ಬರೂ ಶಾಸಕರ ಮನೆಗೆ ಹೋದೆವು. ಏಳೂವರೆಗೇ ಅಂಗಳದಲ್ಲಿ ಐವತ್ತು ಜೊತೆ ಚಪ್ಪಲಿ. ಯಾರ ಕೈಯಲ್ಲಿ ನೋಡಿದರೂ ಒಂದು ಅರ್ಜಿ, ಇಲ್ಲವೇ ಅರಿಸಿನ ಹಚ್ಚಿದ ಲಗ್ನಪತ್ರಿಕೆ. ಮಸೂದೆ ಬಗ್ಗೆ ಕೇಳಲು ಬಂದಿದ್ದವರು ನಾವಿಬ್ಬರೇ. ಪಿ.ಎ. ಮೇಜಿನ ಮೇಲೆ ಕೆಂಪು ರಟ್ಟಿನ ಉದ್ದನೆಯ ಪುಸ್ತಕ ತೆರೆದಿತ್ತು. ನನ್ನ ಮುಖ ನೋಡುತ್ತಲೇ ಆತ ಪುಟ ತಿರುವಿದ.

‘ಬನ್ನಿ ಸಾರ್. ನಿಮ್ಮದು ಪ್ರೈಮರಿ ಸ್ಕೂಲ್ ಬೂತು, ಎಡಗಡೆ ರೂಮು. ಮನೇಲಿ ಐದು ವೋಟು. ತಾಯಿಯವರ ತಿಥಿಗೆ ಸಾಹೇಬ್ರು ಬಂದಿದ್ರು, ಹನ್ನೆರಡು ನಿಮಿಷ ಕೂತಿದ್ರು. ಸೊಸೆಯವರ ಟ್ರಾನ್ಸ್‌ಫರ್‌ಗೆ ಲೆಟರ್ ಕೊಟ್ಟಿದೀವಿ, ಕೆಲಸ ಆಗಿದೆ. ಆದ್ರೂ ನಿಮ್ಮ ಬೂತಲ್ಲಿ ಹೋದ್ಸಲ ನಮಗೆ ನಲವತ್ತು ವೋಟು ಕಮ್ಮಿ ಬಂತು ನೋಡಿ.’

ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

ಪರದೆಯ ಹಿಂದೆ ನಿಂತು ಒತ್ತಿದ, ಯಾರಿಗೂ ಕಾಣಬಾರದ ನನ್ನ ಮತಕ್ಕೆ ಇಲ್ಲಿ ಬೂತುವಾರು, ಮನೆವಾರು, ತಿಥಿವಾರು ದಾಖಲೆ. ದೀಪದ ಕೆಳಗೆ, ಕ್ಯಾಮೆರಾದ ಮುಂದೆ, ನನ್ನ ಪರವಾಗಿ ಅವರು ಹಾಕುವ ಮತಕ್ಕೆ ಬರೀ ಸದ್ದು. ನನ್ನ ಅಳಿಯ ಮಾತಾಡಲಿಲ್ಲ. ಆ ಕೆಂಪು ಪುಸ್ತಕದ ಕಾಲಂಗಳನ್ನೇ ನೋಡುತ್ತಿದ್ದ, ದೊಡ್ಡ ಗವಾಯಿಯ ಕಛೇರಿಯಲ್ಲಿ ಸಂಗೀತದ ವಿದ್ಯಾರ್ಥಿ ಕೂತ ಹಾಗೆ. ಒಂದೇ ಒಂದು ಖಾನೆ ಖಾಲಿ ಇರಲಿಲ್ಲ.

ಪಿ.ಎ. ಪೆನ್ಸಿಲ್ ತಿರುಗಿಸಿ ಅವನ ಕಡೆ ತೋರಿಸಿದ.

‘ಇವರು ಬೆಂಗಳೂರಲ್ಲಿರೋ ಅಳಿಯಂದ್ರಲ್ವಾ? ವೋಟು ಇನ್ನೂ ಇಲ್ಲೇ ಇದೆ. ಎಲೆಕ್ಷನ್ ಟೈಮಿಗೆ ಬರ್ತೀರಲ್ಲಾ?’

ಹುಡುಗ ಗಲಿಬಿಲಿಯಲ್ಲಿ ‘ಹೌದು’ ಅಂದ.

ಪಿ.ಎ. ಬರೆದುಕೊಂಡ.